ಮೂರು ಸರ್ವರ್, 22 ವಿಎಂ: ಪ್ಲಗ್ ಕಿತ್ತು ನೋಡಿ ಆರಿಸಿದ ಹೈಪರ್‌ವೈಸರ್

"20ನೇ ತಾರೀಕು ಕಳೆಯೋವರೆಗೂ ಸರ್ವರ್‌ಗೆ ಕೈ ಹಾಕಬೇಡಿ." ನಮ್ಮ ಅಕೌಂಟ್ಸ್ ಮೇಡಂ ಹಾಕಿದ ಒಂದೇ ಷರತ್ತು ಇದು. ಜಿಎಸ್‌ಟಿಆರ್-3ಬಿ ಕಟ್ಟೋಕೆ ಕೊನೆ ದಿನ ಅದು. ಹಾಗಾಗಿ ಹೈಪರ್‌ವೈಸರ್ (ಒಂದು ಸರ್ವರ್ ಒಳಗೆ ಹಲವು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಬದಲಿಸುವ ನಮ್ಮ ಇಡೀ ಕೆಲಸ 21ರಿಂದ ತಿಂಗಳ ಕೊನೆವರೆಗೆ ಸಿಗುವ ಶನಿವಾರ, ಭಾನುವಾರಗಳಲ್ಲೇ ನಡೆಯಿತು. 2025ರ ಮೇನಲ್ಲಿ ಶುರು ಮಾಡಿದವರು ಸೆಪ್ಟೆಂಬರ್ ಕೊನೆಗೆ ಮುಗಿಸಿದೆವು.

ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ಐಟಿ ಡಿಪಾರ್ಟ್‌ಮೆಂಟ್ ಅಂದರೆ ನಾನು ಮತ್ತು ಒಬ್ಬ ಹುಡುಗ. ಪ್ರಿಂಟರ್‌ಗೆ ಟೋನರ್ ಹಾಕೋರೂ ನಾವೇ, ಸರ್ವರ್ ರೂಮಿನ ಎಸಿ ಸೋರಿದರೆ ಬಕೆಟ್ ಇಡೋರೂ ನಾವೇ. ಮೂರು ಸರ್ವರ್ ಇವೆ. ಅದರೊಳಗೆ 22 ವಿಎಂ, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್‌ಗಳು. ಟ್ಯಾಲಿ ಒಂದರಲ್ಲಿ, ಇಆರ್‌ಪಿ ಮತ್ತು ಅದರ ಡೇಟಾಬೇಸ್ ಎರಡರಲ್ಲಿ, ಡ್ರಾಯಿಂಗ್ ಫೈಲುಗಳು ಒಂದರಲ್ಲಿ, ಅಟೆಂಡೆನ್ಸ್ ಒಂದರಲ್ಲಿ. ಎರಡು ಮೂರು ಯಾಕಿವೆ ಅಂತ ಯಾರಿಗೂ ನೆನಪಿಲ್ಲ, ಆಫ್ ಮಾಡೋಕೆ ಮಾತ್ರ ಎಲ್ಲರಿಗೂ ಭಯ. ಅಷ್ಟೂ ವರ್ಷಗಟ್ಟಲೆ ವಿಎಂವೇರ್ ಕಂಪನಿಯ ಹೈಪರ್‌ವೈಸರ್ ಮೇಲೆ ಓಡುತ್ತಿದ್ದವು.

ಬದಲಾಯಿಸಿದ್ದು ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಕೊಂಡಿತು. ಮುಂದಿನ ತಿಂಗಳೇ ಕಾಯಂ ಲೈಸೆನ್ಸ್ ಮಾರೋದು ನಿಂತಿತು, ಇನ್ನು ಬರೀ ಸಬ್‌ಸ್ಕ್ರಿಪ್ಶನ್. ನಮ್ಮಲ್ಲಿದ್ದ ವಿಎಂವೇರ್ ಆವೃತ್ತಿ ವಿಸ್ಫಿಯರ್ 7ರ ಸಪೋರ್ಟ್ 2025ರ ಅಕ್ಟೋಬರ್ 2ಕ್ಕೆ ಮುಗಿಯುವುದಿತ್ತು. ಸರಿಯಾಗಿ ವಿಜಯದಶಮಿ ದಿನ! ಲೆಕ್ಕ ಕೋರ್ ಮೇಲೆ. ಒಂದು ಸಿಪಿಯುಗೆ ಕಡಿಮೆ ಅಂದರೂ 16 ಕೋರ್ ಅಂತ ಎಣಿಸುತ್ತಾರೆ. ನಮ್ಮ ಸಿಪಿಯುಗಳು 10 ಕೋರಿನವು. ಸರ್ವರ್‌ಗೆ ಎರಡರಂತೆ ಒಟ್ಟು 6. ಇರೋದು 60 ಕೋರ್, ದುಡ್ಡು ಕಟ್ಟಬೇಕಾದ್ದು 96 ಕೋರ್‌ಗೆ. ಈ ಲೆಕ್ಕವನ್ನು ನಾನು ಯಜಮಾನರ ಮುಂದೆ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಬೇರೆ ದಾರಿ ಇಲ್ವೇನಪ್ಪಾ?" ಅಂದರು.

ಹಾಗಂತ ವಿಎಂವೇರ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಹೇಳಿದರೆ ಬಾಯಿಗೆ ಹುಳ ಬೀಳುತ್ತೆ. ಓಡುತ್ತಿರುವ ವಿಎಂ ಅನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸದ್ದಿಲ್ಲದೆ ದಾಟಿಸೋದು, ಲೋಡ್ ನೋಡಿ ತಾನೇ ಹಂಚಿಕೊಳ್ಳೋದು, ಇದರಲ್ಲೆಲ್ಲಾ ಅದರ ನಯ ಬೇರೆಯವರಿಗೆ ಇನ್ನೂ ಬಂದಿಲ್ಲ. ದೊಡ್ಡ ಸ್ಯಾನ್ ಸ್ಟೋರೇಜ್ (ಎಲ್ಲಾ ಸರ್ವರ್ ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆ) ಇಟ್ಟು ನೂರಾರು ವಿಎಂ ಓಡಿಸುವ ಕಡೆ ನಾನಿದ್ದಿದ್ದರೆ ಬಹುಶಃ ದುಡ್ಡು ಕಟ್ಟಿ ಅಲ್ಲೇ ಇರುತ್ತಿದ್ದೆ. 2024ರ ಫೆಬ್ರವರಿಯಲ್ಲಿ ನಿಂತಿದ್ದ ಫ್ರೀ ಇಎಸ್‌ಎಕ್ಸ್‌ಐ (ವಿಎಂವೇರ್‌ನ ಹೈಪರ್‌ವೈಸರ್) 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು, ನಿಜ. ಆದರೆ ಅದನ್ನು ಎಲ್ಲಾ ಸರ್ವರ್ ಒಂದೇ ಕಡೆ ನೋಡಿಕೊಳ್ಳುವ ವಿಸೆಂಟರ್‌ಗೆ ಸೇರಿಸೋಕಾಗಲ್ಲ, ಸಾಮಾನ್ಯ ಬ್ಯಾಕಪ್ ಸಾಫ್ಟ್‌ವೇರ್‌ಗಳೂ ಅದರ ಜೊತೆ ಕೆಲಸ ಮಾಡಲ್ಲ. ಮನೆಯಲ್ಲಿ ಕಲಿಯೋಕೆ ಸರಿ. ಟ್ಯಾಲಿ ಇಡೋಕಲ್ಲ.

ಜನವರಿಯಿಂದ ಏಪ್ರಿಲ್‌ವರೆಗೆ ಎರಡು ಹಳೆ ಸರ್ವರ್ ಇಟ್ಟುಕೊಂಡು ಒಂದೊಂದೇ ಹಾಕಿ ನೋಡಿದೆವು. ಇಂಟರ್‌ನೆಟ್‌ನಲ್ಲಿ ಸಿಗುವ ಟಿಕ್ ಮಾರ್ಕಿನ ಟೇಬಲ್‌ಗಳನ್ನು ನಾನು ನೋಡೋದು ಬಿಟ್ಟೆ. ಎಲ್ಲರ ಹತ್ರಾನೂ ಎಲ್ಲಾ ಇರುತ್ತೆ ಅದರಲ್ಲಿ. ನಮ್ಮದು ಮೂರೇ ಪರೀಕ್ಷೆ. ಹುಡುಗ ಟ್ಯಾಲಿಯ ಒಂದು ಕಾಪಿಯಲ್ಲಿ ವೋಚರ್ ಹೊಡೆಯುತ್ತಿರುವಾಗ ನಾನು ಹಿಂದಿನಿಂದ ಸರ್ವರ್ ಪ್ಲಗ್ ಕೀಳೋದು. ಆಮೇಲೆ ಒಂದು ವಿಎಂ ಪೂರ್ತಿ ಅಳಿಸಿ, ಬ್ಯಾಕಪ್‌ನಿಂದ ಹುಡುಗನ ಕೈಲಿ ವಾಪಸ್ ತರಿಸೋದು, ನಾನು ಬಾಯಿ ಬಿಡುವ ಹಾಗಿಲ್ಲ. ಕೊನೆಗೆ ಲೈಸೆನ್ಸ್ ಕಾಗದಗಳನ್ನು ಮೇಡಂ ಜೊತೆ ಕೂತು ಓದೋದು.

ಮೂರನೆಯದರಿಂದಲೇ ಶುರು ಮಾಡುತ್ತೇನೆ. ಜನ ಎಡವೋದು ಅಲ್ಲೇ. ಹೈಪರ್‌ವೈಸರ್ ಫ್ರೀ ಆದರೆ ಒಳಗಿನ ವಿಂಡೋಸ್ ಫ್ರೀ ಆಗಲ್ಲ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಲೈಸೆನ್ಸಿನಲ್ಲಿ ಸರ್ವರಿನ ಎಲ್ಲಾ ಕೋರ್‌ಗಳಿಗೂ ದುಡ್ಡು ಕಟ್ಟಿದರೆ ಸಿಗೋದು ಎರಡು ವಿಎಂ. ಇನ್ನೆರಡು ಬೇಕಾ? ಎಲ್ಲಾ ಕೋರ್‌ಗಳಿಗೂ ಇನ್ನೊಂದು ಸಲ ಕಟ್ಟಿ. ಒಂದು ಸರ್ವರ್ ಮೇಲೆ ಹತ್ತು ಹನ್ನೆರಡು ವಿಂಡೋಸ್ ವಿಎಂ ದಾಟಿದರೆ ಡೇಟಾಸೆಂಟರ್ ಎಡಿಶನ್ನೇ ಅಗ್ಗ, ಅದರಲ್ಲಿ ಎಣಿಕೆ ಇಲ್ಲ. ಇನ್ನೊಂದು ವಿಷಯ ಇದೆ. ಒಂದು ಸರ್ವರ್ ಸತ್ತಾಗ ವಿಎಂ ಪಕ್ಕದ ಸರ್ವರ್‌ಗೆ ಹೋಗಬೇಕು ಅಂದರೆ ಆ ಪಕ್ಕದ್ದಕ್ಕೂ ಅಷ್ಟೇ ಲೈಸೆನ್ಸ್ ಇರಬೇಕು. ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಹೊತ್ತುಕೊಂಡು ತಿರುಗೋ ಹಾಗಿಲ್ಲ, ಸಾಮಾನ್ಯವಾಗಿ 90 ದಿನ ಕಾಯಬೇಕು. ಇದನ್ನು ಓದಿದ ಮೇಡಂ, "ಇದು ನಮ್ಮ ಟಿಡಿಎಸ್‌ಗಿಂತ ಕಷ್ಟ ಕಣ್ರೀ" ಅಂದರು. ನಮ್ಮಲ್ಲಿ 14 ವಿಂಡೋಸ್, 8 ಲಿನಕ್ಸ್. ಕೊನೆಗೆ ವಿಂಡೋಸ್ ಎಲ್ಲಾ ಎರಡೇ ಸರ್ವರ್‌ನಲ್ಲಿ ಕೂರಿಸಿದೆವು, ಆ ಎರಡಕ್ಕೆ ಡೇಟಾಸೆಂಟರ್. ಮೂರನೆಯದರಲ್ಲಿ ಬರೀ ಲಿನಕ್ಸ್. ಇಡೀ ಪ್ರಾಜೆಕ್ಟ್‌ನಲ್ಲಿ ಜಾಸ್ತಿ ದುಡ್ಡು ಉಳಿಸಿದ್ದು ಈ ಒಂದು ಕಾಗದದ ಕೆಲಸ.

ಡೇಟಾಸೆಂಟರ್ ಹೇಗೂ ಕೊಳ್ಳೋದಾದರೆ ಮೈಕ್ರೋಸಾಫ್ಟ್‌ನ ಹೈಪರ್‌ವೈಸರ್ ಹೈಪರ್-ವಿ ಅದರಲ್ಲೇ ಬರುತ್ತಲ್ಲ, ಅದನ್ನೇ ಯಾಕೆ ಹಾಕಲಿಲ್ಲ ಅಂತ ನೀವು ಕೇಳಬಹುದು. ಯಜಮಾನರೂ ಇದನ್ನೇ ಕೇಳಿದರು. ಪ್ಲಗ್ ಕಿತ್ತ ಪರೀಕ್ಷೆಯಲ್ಲಿ ಹೈಪರ್-ವಿ ಚೆನ್ನಾಗೇ ಪಾಸಾಯಿತು. ಅದರ ರೆಪ್ಲಿಕಾ ಅನ್ನುವ ವ್ಯವಸ್ಥೆ 30 ಸೆಕೆಂಡಿಗೊಂದು ಸಲ ಬದಲಾವಣೆಯನ್ನು ಪಕ್ಕದ ಸರ್ವರ್‌ಗೆ ಕಳಿಸುತ್ತದೆ. ಹುಡುಗ ಹೊಡೆದ ವೋಚರ್‌ಗಳಲ್ಲಿ ಕೊನೆಯದೊಂದು ಮಾತ್ರ ಹೋಗಿತ್ತು. ಆದರೆ ಪ್ಲಗ್ ಹೋದಾಗ ರೆಪ್ಲಿಕಾ ತಾನಾಗಿ ಏಳಲ್ಲ, ಯಾರಾದರೂ ಹೋಗಿ ಫೇಲ್‌ಓವರ್ ಒತ್ತಬೇಕು. ತಾನಾಗಿ ಏಳಬೇಕು ಅಂದರೆ ಕ್ಲಸ್ಟರ್ (ಒಂದಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಕಟ್ಟಬೇಕು, ಅದಕ್ಕೆ ಹಂಚಿಕೊಳ್ಳುವ ಸ್ಟೋರೇಜ್ ಬೇಕು. ಮ್ಯಾನೇಜ್ ಮಾಡೋ ಟೂಲ್‌ಗಳು ಬೇರೆ ಮೂರು ನಾಲ್ಕು ಕಡೆ ಚೆಲ್ಲಿಕೊಂಡಿವೆ. ಹೈಪರ್-ವಿ ಮ್ಯಾನೇಜರ್ ಒಂದು, ಫೇಲ್‌ಓವರ್ ಕ್ಲಸ್ಟರ್ ಮ್ಯಾನೇಜರ್ ಇನ್ನೊಂದು, ಬ್ರೌಸರ್‌ನಲ್ಲಿ ಅಡ್ಮಿನ್ ಸೆಂಟರ್ ಮತ್ತೊಂದು, ದೊಡ್ಡವರಿಗೆ ಸಿಸ್ಟಂ ಸೆಂಟರ್. ಸಾಮಾನ್ಯವಾಗಿ ಪ್ರತಿ ತಿಂಗಳ ಪ್ಯಾಚ್‌ಗೆ ಹೋಸ್ಟೇ, ಅಂದರೆ ವಿಎಂಗಳನ್ನು ಹೊತ್ತ ಸರ್ವರೇ, ರೀಸ್ಟಾರ್ಟ್ ಆಗಬೇಕು. ಹೋಸ್ಟ್ ಡೊಮೇನ್‌ಗೆ ಸೇರಿರುತ್ತೆ, ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್ ಅದೇ ಹೋಸ್ಟ್ ಮೇಲೆ ವಿಎಂ ಆಗಿರುತ್ತೆ. ಕರೆಂಟ್ ಹೋಗಿ ಬಂದಾಗ ಯಾವುದು ಮೊದಲು ಏಳಬೇಕು ಅಂತ ಮುಂಚೇನೆ ಯೋಚಿಸಿಟ್ಟಿರಬೇಕು. ನಿಮ್ಮಲ್ಲಿ ಎಲ್ಲಾ ವಿಂಡೋಸೇ ಇದ್ದು, ಅದನ್ನು ಚೆನ್ನಾಗಿ ಬಲ್ಲವರೂ ಇದ್ದರೆ ಹೈಪರ್-ವಿ ಹಾಕಿ. ನಾನು ಅಡ್ಡ ಬರಲ್ಲ. ನಮ್ಮ ಹುಡುಗ ಲಿನಕ್ಸ್ ಹುಡುಗ.

ಎಕ್ಸ್‌ಸಿಪಿ-ಎನ್‌ಜಿ ಅನ್ನೋ ಫ್ರೀ ಹೈಪರ್‌ವೈಸರ್ ನನಗೆ ಇಷ್ಟವಾಯಿತು, ಆದರೂ ಬಿಟ್ಟೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಝೆನ್ ಇದರ ತಳಪಾಯ. ಸಿಟ್ರಿಕ್ಸ್ ತನ್ನ ಫ್ರೀ ಝೆನ್‌ಸರ್ವರ್‌ನಿಂದ ಒಂದಿಷ್ಟು ಸೌಲಭ್ಯ ಕಿತ್ತುಕೊಂಡಾಗ 2018ರಲ್ಲಿ ಫ್ರಾನ್ಸಿನವರು ಇದನ್ನು ಕವಲೊಡೆಸಿದರು. ಝೆನ್ ಆರ್ಕೆಸ್ಟ್ರಾ ಅನ್ನುವ ಅದರ ಸ್ಕ್ರೀನ್ ಅಚ್ಚುಕಟ್ಟಾಗಿದೆ, ಬ್ಯಾಕಪ್ ಅದರೊಳಗೇ ಇದೆ. ಹುಡುಗ ಅಳಿಸಿದ ವಿಎಂ ಅನ್ನು ಮೊದಲ ಸಲಕ್ಕೇ ವಾಪಸ್ ತಂದ. ತೊಡಕಾಗಿದ್ದು ಒಂದೇ. ನಾವು ನೋಡುವಾಗ ಅದರ ಡಿಸ್ಕ್ ಫಾರ್ಮ್ಯಾಟಿಗೆ 2 ಟಿಬಿ ಮಿತಿ ಇತ್ತು. ನಮ್ಮ ಡ್ರಾಯಿಂಗ್ ಫೈಲ್ ಸರ್ವರ್ 3 ಟಿಬಿ ದಾಟಿದೆ. ಒಡೆದು ಎರಡು ಡಿಸ್ಕ್ ಮಾಡಬಹುದು. ಆದರೆ ಡಿಸೈನ್ ವಿಭಾಗದವರಿಗೆ ಡ್ರೈವ್ ಲೆಟರ್ ಬದಲಾಯಿತು ಅಂತ ಹೇಳೋ ಧೈರ್ಯ ನನಗಿರಲಿಲ್ಲ.

ನುಟಾನಿಕ್ಸ್ ಡೆಮೊ ನೋಡಿದೆ. ಚೆಂದ ಇದೆ. ಸ್ಟೋರೇಜ್, ಹೈಪರ್‌ವೈಸರ್ ಎಲ್ಲಾ ಒಂದೇ ಕಡೆ, ಅಪ್‌ಡೇಟ್ ಒಂದು ಬಟನ್. ಆದರೆ ಅವರ ಪಟ್ಟಿಯಲ್ಲಿರುವ ಹಾರ್ಡ್‌ವೇರೇ ಬೇಕು, ಪ್ರತಿ ಸರ್ವರ್‌ನಲ್ಲೂ ಒಂದು ಕಂಟ್ರೋಲರ್ ವಿಎಂ ಕೂತು ಒಂದಷ್ಟು ರ‍್ಯಾಮ್ ನುಂಗುತ್ತದೆ. ಹೊಸದಾಗಿ ಎಲ್ಲಾ ಕೊಳ್ಳುವವರು ನೋಡಲಿ.

ಇನ್ನು ಕ್ಲೌಡ್ ಮ್ಯಾನೇಜ್‌ಮೆಂಟ್, ಅಂದರೆ ವಿಎಂಗಳನ್ನು ಬೇರೆ ಬೇರೆ ಜನರಿಗೆ ಹಂಚಿಕೊಡುವ ಸಾಫ್ಟ್‌ವೇರ್. ಒಬ್ಬ ಮಾರಾಟಗಾರರು ಲ್ಯಾಪ್‌ಟಾಪ್ ಹಿಡಿದು ಬಂದಿದ್ದರು. ಹೆಸರು ಬೇಡ. ನಲವತ್ತು ಸ್ಲೈಡ್ ತೋರಿಸಿದರು. ಸೆಲ್ಫ್ ಸರ್ವಿಸ್ ಪೋರ್ಟಲ್, ಪ್ರತಿ ಡಿಪಾರ್ಟ್‌ಮೆಂಟಿಗೂ ಬೇರೆ ಬಿಲ್ಲಿಂಗ್, ಯಾರಿಗೆ ಬೇಕೋ ಅವರೇ ವಿಎಂ ಮಾಡಿಕೊಳ್ಳಬಹುದು ಅಂತ. ಯಜಮಾನರು ಶಾಂತವಾಗಿ ಕೇಳಿಸಿಕೊಂಡು, "ನಮ್ಮ ಸ್ಟೋರ್ಸ್‌ನವರು ವಿಎಂ ಮಾಡಿಕೊಂಡು ಏನ್ ಮಾಡ್ತಾರೆ?" ಅಂದರು. ಉತ್ತರ ಬರಲಿಲ್ಲ, ಕಾಫಿ ಬಂತು.

ಹಾಗಂತ ಇವು ದಂಡ ಅಲ್ಲ. ನಾನು ಇಂಥವೇ ಆದ ಓಪನ್‌ಸ್ಟ್ಯಾಕ್ ಮತ್ತು ಕ್ಲೌಡ್‌ಸ್ಟ್ಯಾಕ್ ಎರಡನ್ನೂ ಹಾಕಿ ನೋಡಿದೆ. ಓಪನ್‌ಸ್ಟ್ಯಾಕ್ 2010ರಲ್ಲಿ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸೇರಿ ಶುರು ಮಾಡಿದ್ದು. ಸರ್ನ್ ಪ್ರಯೋಗಾಲಯದಂಥ ಕಡೆ ಓಡುತ್ತದೆ. ವಿಎಂ ಓಡಿಸೋಕೆ ನೋವಾ, ನೆಟ್‌ವರ್ಕ್‌ಗೆ ನ್ಯೂಟ್ರಾನ್, ಡಿಸ್ಕಿಗೆ ಸಿಂಡರ್, ಲಾಗಿನ್‌ಗೆ ಕೀಸ್ಟೋನ್, ಹೀಗೆ ಒಂದೊಂದಕ್ಕೂ ಒಬ್ಬೊಬ್ಬ ಆಳು. ಮೂರು ಜನರ ಮನೆಗೆ ಹತ್ತು ಜನ ಅಡಿಗೆಯವರನ್ನು ಇಟ್ಟುಕೊಂಡ ಹಾಗೆ. ಕ್ಲೌಡ್‌ಸ್ಟ್ಯಾಕ್ ಇದಕ್ಕಿಂತ ಹಗುರ. ಒಂದು ಮ್ಯಾನೇಜ್‌ಮೆಂಟ್ ಸರ್ವರ್, ಒಂದು ಮೈಎಸ್‌ಕ್ಯೂಎಲ್, ಕೆಳಗೆ ಕೆವಿಎಂ (ಲಿನಕ್ಸ್‌ನದ್ದೇ ಹೈಪರ್‌ವೈಸರ್) ಹೋಸ್ಟ್‌ಗಳು. ಒಂದು ಶನಿವಾರದಲ್ಲಿ ಎದ್ದು ನಿಂತಿತು. ಬಾಡಿಗೆಗೆ ವಿಎಂ ಕೊಡುವ ಹೋಸ್ಟಿಂಗ್ ಕಂಪನಿ, ನೂರಾರು ವಿದ್ಯಾರ್ಥಿಗಳಿಗೆ ಲ್ಯಾಬ್ ಕೊಡುವ ಕಾಲೇಜು ಇವರಿಗೆ ಇದು ಸರಿಯಾದ ಸಾಮಾನು. ಬೇರೆ ಬೇರೆ ಜನರಿಗೆ ಹಂಚಿ, ಎಣಿಸಿ, ಮಿತಿ ಹಾಕೋ ಕೆಲಸ ಇದ್ದಾಗ ಮಾತ್ರ ಇವುಗಳಿಗೆ ಅರ್ಥ. ನಮ್ಮಲ್ಲಿ ವಿಎಂ ಬೇಕು ಅಂತ ಕೇಳೋನು ನಾನೊಬ್ಬ, ಕೊಡೋನೂ ನಾನೊಬ್ಬ.

ಹಾಗಾಗಿ ಪ್ರಾಕ್ಸ್‌ಮಾಕ್ಸ್.

ವಿಯೆನ್ನಾದ ಒಂದು ಚಿಕ್ಕ ಕಂಪನಿಯದ್ದು ಇದು. 2008ರಿಂದ ಇದೆ. ಕೆಳಗೆ ಡೆಬಿಯನ್ ಲಿನಕ್ಸ್, ವಿಎಂ ಓಡಿಸೋದು ಕೆವಿಎಂ. ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್‌ನ ಒಳಗೇ ಇರುವಂಥದ್ದು, ಹೊಸ ಪ್ರಯೋಗ ಏನಲ್ಲ. ಇನ್‌ಸ್ಟಾಲ್ ಆಗೋಕೆ ಒಂದು ಟೀ ಕುಡಿಯೋಷ್ಟು ಹೊತ್ತು. ಬ್ರೌಸರ್‌ನಲ್ಲಿ 8006 ಪೋರ್ಟ್ ತೆರೆದರೆ ಮೂರೂ ಸರ್ವರ್ ಒಂದೇ ಸ್ಕ್ರೀನ್‌ನಲ್ಲಿ. ಇದಕ್ಕಾಗಿ ವಿಸೆಂಟರ್ ಥರ ಬೇರೆ ವಿಎಂ ಬೇಕಿಲ್ಲ. ಎಲ್ಲಾ ಸೌಲಭ್ಯವೂ ಫ್ರೀನಲ್ಲೇ ಇದೆ. ದುಡ್ಡು ಕೊಟ್ಟರೆ ಪಕ್ಕಾ ಪರೀಕ್ಷಿಸಿದ ಅಪ್‌ಡೇಟ್ ಮತ್ತು ಸಪೋರ್ಟ್. ಅದು ಸಾಕೆಟ್ (ಅಂದರೆ ಸಿಪಿಯು) ಲೆಕ್ಕ, ಕೋರ್ ಲೆಕ್ಕ ಅಲ್ಲ. ಸಪೋರ್ಟ್ ಇಲ್ಲದ ಕೆಳಗಿನ ಹಂತ ವರ್ಷಕ್ಕೆ ಸಾಕೆಟ್‌ಗೆ ನೂರು ಚಿಲ್ಲರೆ ಯೂರೋ. ಕೊಳ್ಳದಿದ್ದರೆ ಪ್ರತಿ ಸಲ ಲಾಗಿನ್ ಆದಾಗ "ನಿಮಗೆ ಸಬ್‌ಸ್ಕ್ರಿಪ್ಶನ್ ಇಲ್ಲ" ಅಂತ ಒಂದು ಚೌಕ ಎದುರಿಗೆ ಬರುತ್ತೆ. ಅಂಗಡಿಯವನು ಬಾಕಿ ನೆನಪಿಸಿದ ಹಾಗೆ.

ನಮಗೆ ಬೇಕಾಗಿದ್ದು ಹಳೆ ನಾಸ್ ಡಬ್ಬವನ್ನು (ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆ) ನಂಬೋದು ತಪ್ಪಿಸೋದು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಪ್ರತಿ ಸರ್ವರಿನ ಡಿಸ್ಕ್ ಅದರದ್ದೇ, ಮೇಲೆ ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಂ. ಅದು 15 ನಿಮಿಷಕ್ಕೊಮ್ಮೆ ಬದಲಾದಷ್ಟನ್ನು ಪಕ್ಕದ ಸರ್ವರ್‌ಗೆ ಕಳಿಸುತ್ತದೆ. ಟ್ಯಾಲಿ, ಇಆರ್‌ಪಿಗೆ ನಾನು 5 ನಿಮಿಷ ಇಟ್ಟೆ. ಪ್ಲಗ್ ಕಿತ್ತಾಗ ಎರಡು ಮೂರು ನಿಮಿಷದಲ್ಲಿ ವಿಎಂ ತಾನಾಗೇ ಪಕ್ಕದಲ್ಲಿ ಎದ್ದಿತು. ಹುಡುಗ ಹೊಡೆದ ಕೊನೆಯ ಆರು ವೋಚರ್ ಇರಲಿಲ್ಲ. ಇದನ್ನು ಮೇಡಂಗೆ ತೋರಿಸಿ, "ಹೀಗಾದ್ರೆ ಕೊನೆ ಐದು ನಿಮಿಷದ್ದು ಮತ್ತೆ ಹೊಡೀಬೇಕು, ಪರವಾಗಿಲ್ವಾ?" ಅಂತ ಕೇಳಿ, ಒಪ್ಪಿಸಿ, ಒಂದು ಮೇಲ್ ಹಾಕಿಸಿಕೊಂಡೆ. ನೀವೂ ಹಾಕಿಸಿಕೊಳ್ಳಿ.

ಬ್ಯಾಕಪ್‌ಗೆ ಅವರದ್ದೇ ಬ್ಯಾಕಪ್ ಸರ್ವರ್ ಇದೆ, ಅದೂ ಫ್ರೀ. ಬದಲಾದ ತುಂಡುಗಳನ್ನು ಮಾತ್ರ ತಗೊಳ್ಳುತ್ತೆ, ಒಂದೇ ಥರದ್ದನ್ನು ಎರಡು ಸಲ ಇಡಲ್ಲ. ಹಾಗಾಗಿ ಜಾಗ ತುಂಬಾ ಉಳಿಯಿತು. ವಿಎಂ ಪೂರ್ತಿ ತರದೆ ಒಂದೇ ಒಂದು ಫೈಲ್ ಕೂಡ ಬ್ರೌಸರ್‌ನಿಂದಲೇ ತೆಗೆಯಬಹುದು. ಡಿಸೈನ್‌ನವರು ವಾರಕ್ಕೊಂದು ಸಲ ಏನಾದರೂ ಅಳಿಸಿಕೊಂಡು ಬರುತ್ತಾರೆ. ಈಗ ಹುಡುಗನೇ ತೆಗೆದುಕೊಡುತ್ತಾನೆ.

ಕಷ್ಟಗಳೂ ಇದ್ದವು. ಹೆಚ್ಚಿನವು ನನ್ನ ಕೈಯಾರೆ ಮಾಡಿಕೊಂಡವು.

ವಿಎಂ ತರೋದು ಸುಲಭ. ಇಎಸ್‌ಎಕ್ಸ್‌ಐ ವಿಳಾಸ, ಪಾಸ್‌ವರ್ಡ್ ಕೊಟ್ಟರೆ ವಿಎಂಗಳ ಪಟ್ಟಿ ಬರುತ್ತೆ, ಇಂಪೋರ್ಟ್ ಒತ್ತಿದರೆ ಆಯಿತು. ಲಿನಕ್ಸ್ ಎಲ್ಲಾ ಹಾಗೇ ಬಂದವು. ಮೊದಲ ವಿಂಡೋಸ್ ಬಂದು ನೀಲಿ ಸ್ಕ್ರೀನ್ ತೋರಿಸಿ ಕೂತಿತು. ಡಿಸ್ಕನ್ನು ವರ್ಟ್‌ಐಒ (ಕೆವಿಎಂಗೆಂದೇ ಇರುವ ಡಿಸ್ಕ್ ಮಾದರಿ) ಅಂತ ಇಟ್ಟಿದ್ದೆ, ಒಳಗೆ ಅದರ ಡ್ರೈವರ್ ಇರಲಿಲ್ಲ. ದಾರಿ ಹೀಗೆ. ಬೂಟ್ ಡಿಸ್ಕನ್ನು ಸಾಟಾ ಅಂತ ಬದಲಿಸಿ. ಜೊತೆಗೆ 1 ಜಿಬಿಯ ಒಂದು ಖಾಲಿ ಡಿಸ್ಕ್ ಮಾಡಿ ಅದನ್ನು ವರ್ಟ್‌ಐಒ ಸ್ಕಸಿ ಅಂತ ಸೇರಿಸಿ. ವಿಂಡೋಸ್ ಆನ್ ಮಾಡಿ ಡ್ರೈವರ್ ಹಾಕಿ. ಆ ಪುಟಾಣಿ ಡಿಸ್ಕ್ ಕಂಡಿತು ಅಂದರೆ ಡ್ರೈವರ್ ಕೂತಿದೆ ಅಂತ. ಆಫ್ ಮಾಡಿ, ದೊಡ್ಡ ಡಿಸ್ಕನ್ನೂ ಸ್ಕಸಿಗೆ ಬದಲಿಸಿ, ಬೂಟ್ ಆರ್ಡರ್ ಸರಿ ಮಾಡಿ, ಚಿಕ್ಕದನ್ನು ಎಸೆಯಿರಿ. ಮೊದಲ ಸಲ ಎರಡು ಗಂಟೆ ಹಿಡಿಯಿತು, ಕೊನೇ ಸಲ ಹತ್ತು ನಿಮಿಷ.

ನೆಟ್‌ವರ್ಕ್ ಕಾರ್ಡೂ ಹೊಸದಾಗಿ ಕಾಣುವುದರಿಂದ ಹಳೆ ಐಪಿ ಹೋಗುತ್ತೆ. ಅದೇ ಐಪಿ ಹಾಕಲು ಹೋದರೆ, ಇದು ಬೇರೆ ಅಡಾಪ್ಟರ್‌ನಲ್ಲಿದೆ ಅಂತ ವಿಂಡೋಸ್ ತಕರಾರು ಮಾಡುತ್ತೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಡಿವೈಸ್‌ಗಳನ್ನು ತೋರಿಸು ಅಂತ ಹೇಳಿ, ಆ ಹಳೆ ಕಾರ್ಡಿನ ದೆವ್ವವನ್ನು ತೆಗೆದು ಹಾಕಬೇಕು. ಟ್ಯಾಲಿ ಲೈಸೆನ್ಸನ್ನು ಹಳೆ ಕಡೆ ಸರೆಂಡರ್ ಮಾಡಿಯೇ ಹೊರಡಿ. ಮರೆತರೆ ಸೋಮವಾರ ಬೆಳಗ್ಗೆ ಟ್ಯಾಲಿ ಎಜುಕೇಶನ್ ಮೋಡ್‌ನಲ್ಲಿ ತೆರೆದುಕೊಳ್ಳುತ್ತೆ, ಮೇಡಂ ನಿಮ್ಮ ಸೀಟಿನ ಹತ್ತಿರ ಬಂದು ನಿಂತಿರುತ್ತಾರೆ.

ದೊಡ್ಡ ತಪ್ಪು ಜೂನ್‌ನಲ್ಲಿ ಆಯಿತು. ಆಗ ಎರಡೇ ಸರ್ವರ್ ಪ್ರಾಕ್ಸ್‌ಮಾಕ್ಸ್‌ಗೆ ಬಂದಿದ್ದವು. ಕ್ಲಸ್ಟರ್‌ನಲ್ಲಿ ಎಲ್ಲಾ ಓಟಿನ ಲೆಕ್ಕ. ಅರ್ಧಕ್ಕಿಂತ ಜಾಸ್ತಿ ಓಟು ಇರಬೇಕು. ಎರಡರಲ್ಲಿ ಒಂದು ಆಫ್ ಆದರೆ ಉಳಿದದ್ದಕ್ಕೆ ಬಹುಮತ ಇಲ್ಲ. ಮೂರನೇ ಓಟಿಗೆ ಕ್ಯೂಡಿವೈಸ್ ಅಂತ ಒಂದು ಚಿಕ್ಕ ಲಿನಕ್ಸ್ ಯಂತ್ರ ಇಡಬೇಕು. ಪರೀಕ್ಷೆಯಲ್ಲಿ ಇಟ್ಟೇ ನೋಡಿದ್ದೆವು, ಹಾಗಾಗಿ ನನಗೆ ಗೊತ್ತಿತ್ತು. ಮುಂದಿನ ವಾರ ಇಟ್ಟರಾಯ್ತು ಅಂದುಕೊಂಡಿದ್ದೆ. ಶನಿವಾರ ಮಧ್ಯಾಹ್ನ ಒಂದಕ್ಕೆ ರ‍್ಯಾಮ್ ಹಾಕೋಣ ಅಂತ ಅದರ ವಿಎಂಗಳನ್ನು ಇನ್ನೊಂದಕ್ಕೆ ದಾಟಿಸಿ ಆಫ್ ಮಾಡಿದೆ. ಒಂದು ನಿಮಿಷ ಆಗಿರಬೇಕು. ಪಕ್ಕದ ಸರ್ವರಿನ ಫ್ಯಾನುಗಳು ಹೋ ಅಂತ ಒಮ್ಮೆಲೇ ಕಿರುಚಿದವು. ಆ ಸದ್ದು ಗೊತ್ತಿರೋರಿಗೆ ಗೊತ್ತು, ಸರ್ವರ್ ರೀಬೂಟ್ ಆಗುವಾಗಿನ ಸದ್ದು. ತಾನೊಬ್ಬನೇ ಉಳಿದೆ, ಓಟಿಲ್ಲ ಅಂತ ಅದು ತನ್ನನ್ನು ತಾನೇ ರೀಸ್ಟಾರ್ಟ್ ಮಾಡಿಕೊಂಡಿತ್ತು. ಎಚ್‌ಎ (ವಿಎಂ ಅನ್ನು ತಾನಾಗಿ ಪಕ್ಕದಲ್ಲಿ ಏಳಿಸುವ ವ್ಯವಸ್ಥೆ) ಆನ್ ಇದ್ದರೆ ಅದು ಮಾಡಬೇಕಾದ್ದೇ ಹಾಗೆ. ನನ್ನ ಕೈಯಲ್ಲಿ ರ‍್ಯಾಮ್ ಕಡ್ಡಿ, ಬಾಗಿಲಲ್ಲಿ ಶಿಫ್ಟ್ ಸೂಪರ್‌ವೈಸರ್. "ಸಾರ್, ಬಾರ್‌ಕೋಡ್ ಬರ್ತಿಲ್ಲ. ಲಾರಿ ನಿಂತಿದೆ." ತೆರೆದಿದ್ದ ಸರ್ವರ್ ಮುಚ್ಚಿ ಆನ್ ಮಾಡಿ, ಎರಡೂ ಓಟು ಸೇರಿ, ವಿಎಂ ಎಲ್ಲಾ ಏಳೋ ಹೊತ್ತಿಗೆ ಅರ್ಧ ಗಂಟೆ. ಅವತ್ತೇ ಸಂಜೆ ಒಂದು ಹಳೆ ಡೆಸ್ಕ್‌ಟಾಪ್‌ನಲ್ಲಿ ಕ್ಯೂಡಿವೈಸ್ ಹಾಕಿದೆ. ಮೂರನೇ ಸರ್ವರ್ ಸೇರಿದ ಮೇಲೆ ಅದನ್ನು ತೆಗೆದೆವು.

ಇನ್ನೊಂದು, ಡಿಸ್ಕ್. ಡೆಸ್ಕ್‌ಟಾಪಿಗೆ ಹಾಕುವ ಅಗ್ಗದ ಎಸ್‌ಎಸ್‌ಡಿ ತಂದು ಝಡ್‌ಎಫ್‌ಎಸ್ ಕೆಳಗೆ ಹಾಕಿದ್ದೆ. ಬರೆದೂ ಬರೆದೂ ಅವು ಬೇಗ ಸವೆಯುತ್ತವೆ. ವೇರ್‌ಔಟ್ ಅಂಕಿ ಡಿಸ್ಕ್ ಪುಟದಲ್ಲೇ ಕಾಣುತ್ತೆ, ನೋಡುತ್ತಿರಿ. ಕೊನೆಗೆ ಸರ್ವರ್‌ಗೆಂದೇ ಮಾಡಿದ ಎಸ್‌ಎಸ್‌ಡಿ ಕೊಂಡೆವು, ಉಳಿಸಿದ ದುಡ್ಡಿನಲ್ಲಿ ಒಂದು ಪಾಲು ಅಲ್ಲಿ ಹೋಯಿತು. ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ರೇಡ್ ಕಾರ್ಡನ್ನೂ ಎಚ್‌ಬಿಎ (ಡಿಸ್ಕನ್ನು ಹಾಗೇ ದಾಟಿಸುವ) ಮೋಡ್‌ಗೆ ಹಾಕಬೇಕು, ಝಡ್‌ಎಫ್‌ಎಸ್‌ಗೆ ಡಿಸ್ಕ್ ನೇರವಾಗಿ ಕಾಣಬೇಕು.

ಸಪೋರ್ಟ್ ವಿಷಯ. ಅವರ ಟಿಕೆಟ್‌ಗೆ ಉತ್ತರ ಆಸ್ಟ್ರಿಯಾದ ಕೆಲಸದ ದಿನಗಳಲ್ಲಿ ಮಾತ್ರ. ಅಲ್ಲಿ ಬೆಳಗ್ಗೆ 9 ಅಂದರೆ ಅವರ ಬೇಸಿಗೆಯಲ್ಲಿ ನಮಗೆ 12:30, ಚಳಿಗಾಲದಲ್ಲಿ 1:30. ಭಾನುವಾರ ರಾತ್ರಿ ಫೋನ್ ಎತ್ತೋರು ಬೇಕು ಅಂದರೆ ಇಲ್ಲೇ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ದೊಡ್ಡ ಸ್ಯಾನ್ ಇರೋರು ಇನ್ನೂ ಸ್ವಲ್ಪ ಯೋಚಿಸಿ. ಹಂಚಿಕೊಂಡ ಎಲ್‌ವಿಎಂ (ಲಿನಕ್ಸ್ ಡಿಸ್ಕ್ ಭಾಗ ಮಾಡುವ ವಿಧಾನ) ಮೇಲೆ ಸ್ನ್ಯಾಪ್‌ಶಾಟ್ ಬಂದಿದ್ದೇ ಪ್ರಾಕ್ಸ್‌ಮಾಕ್ಸ್‌ನ 2025ರ ಆಗಸ್ಟ್‌ನ 9ನೇ ಆವೃತ್ತಿಯಲ್ಲಿ, ಅದೂ ಪ್ರಯೋಗದ ಹಂತದಲ್ಲಿ. ನಾವು ಕೆಲಸ ಅರ್ಧದಲ್ಲಿದ್ದುದರಿಂದ 8ರಲ್ಲೇ ಉಳಿದೆವು.

"ಎಲ್ಲಾ ಅಮೆಜಾನ್ ಕ್ಲೌಡ್‌ಗೆ ಹಾಕಿಬಿಟ್ಟರೆ?" ಅಂತ ಯಜಮಾನರು ನಡುವೆ ಒಮ್ಮೆ ಕೇಳಿದ್ದರು. ಡ್ರಾಯಿಂಗ್ ಒಂದೊಂದೂ ನೂರಾರು ಎಂಬಿ. ನಮ್ಮ ರಸ್ತೆಯಲ್ಲಿ ಯಾರೋ ಅಗೆದು ಕೇಬಲ್ ಕತ್ತರಿಸಿ ಇಡೀ ದಿನ ನೆಟ್ ಇಲ್ಲದಿದ್ದದ್ದು ಅವರಿಗೇ ನೆನಪಾಯಿತು. ನಾನೇನೂ ಹೇಳಬೇಕಾಗಲಿಲ್ಲ.

ಒಂದು ವಿಎಂ ಮಾತ್ರ ಬರಲೇ ಇಲ್ಲ. ಟೆಸ್ಟಿಂಗ್ ಮಷಿನ್ ಜೊತೆ ಮಾತಾಡುವ ವಿಂಡೋಸ್ ಎಕ್ಸ್‌ಪಿ. ಯುಎಸ್‌ಬಿ ಡಾಂಗಲ್ ಇಲ್ಲದೆ ಓಡಲ್ಲ, ಹೊಸ ಕಡೆ ಡಾಂಗಲ್ ಗುರುತು ಹಿಡಿಯಲ್ಲ, ಆ ಸಾಫ್ಟ್‌ವೇರ್ ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಗಿದೆ. ಅದನ್ನು ನೆಟ್‌ವರ್ಕ್‌ನಿಂದ ಬಿಡಿಸಿ, ಪರೀಕ್ಷೆಗೆ ಇಟ್ಟಿದ್ದ ಒಂದು ಹಳೆ ಸರ್ವರ್‌ನಲ್ಲಿ ಇಎಸ್‌ಎಕ್ಸ್‌ಐ ಮೇಲೇ ಬಿಟ್ಟಿದ್ದೇವೆ. ಮೇಲೆ ಮಾರ್ಕರ್‌ನಲ್ಲಿ "ಮುಟ್ಟಬೇಡಿ" ಅಂತ ಬರೆದಿದೆ. ಅಕ್ಟೋಬರ್ 1ರ ಆಯುಧಪೂಜೆಗೆ ಹುಡುಗ ಹೊಸ ಕ್ಲಸ್ಟರಿನ ಮೂರಕ್ಕೂ ಕುಂಕುಮ ಇಟ್ಟು ಒಂದೊಂದು ಹೂವು ಸಿಕ್ಕಿಸಿದ. ಆ ಹಳೇದರ ಮುಂದೆ ಮಾತ್ರ ಎರಡು ನಿಂಬೆಹಣ್ಣು ಇಟ್ಟ.